ಗೂಗಲ್ಲಿನ ಕೈಮರ

ಜನವರಿ ತಿಂಗಳ ಮಧ್ಯಾಹ್ನ. ಕಣದ ತುಂಬ ಕಾಫಿ ಹಣ್ಣು ಹರವಿತ್ತು. ಭಾವ ಬರಿಗಾಲಲ್ಲಿ ಅದರ ಮೇಲೆ ಸಾಲು ಎಳೆಯುತ್ತಾ ನಡೆಯುತ್ತಿದ್ದಾಗ ಜೇಬಿನ ಫೋನು ಬಡಿದುಕೊಂಡಿತು. ಕೈಯೆಲ್ಲ ಕಾಫಿ ಅಂಟು. ನನ್ನಿಂದಲೇ ಸ್ಪೀಕರ್ ಹಾಕಿಸಿದರು.

“ಸಾರ್, ನಿಮ್ಮ ಹೋಂಸ್ಟೇ ವೆಬ್‌ಸೈಟ್ ನೋಡಿದ್ವಿ. ಎಸ್‌ಇಒನೇ ಮಾಡ್ಸಿಲ್ವಲ್ಲ ಸಾರ್! ತಿಂಗಳಿಗೆ ಬರೀ ಹನ್ನೆರಡು ಸಾವಿರ. ಮೂರು ತಿಂಗಳಲ್ಲಿ ಗೂಗಲ್ ಫಸ್ಟ್ ಪೇಜು, ಗ್ಯಾರಂಟಿ.”

ಭಾವನ ಮುಖ ಅರಳಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖ ಗಂಟಾಯಿತು. “ಆ ದುಡ್ಡಿಗೆ ಮೇಲಿನ ರೂಮಿಗೆ ಒಳ್ಳೇ ಗೀಸರ್ ಬರುತ್ತೆ. ಗೂಗಲ್ ಅಂತೆ ಗೂಗಲ್. ಬರೋರಿಗೆ ಬಿಸಿನೀರು ಬೇಕು ಕಣ್ರೀ.”

ಅವರದ್ದು ನಾಲ್ಕು ರೂಮಿನ ಹೋಂಸ್ಟೇ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ ಕಡೆ ಹೋಗುವಾಗ ಕೈಮರ ಸಿಗುತ್ತದಲ್ಲ, ಆ ಕಡೆ, ರಸ್ತೆಯಿಂದ ಒಳಗೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು ಅನ್ನುವ ಒಂದೇ ಅರ್ಹತೆಯ ಮೇಲೆ ಪಂಚಾಯ್ತಿ ನನ್ನ ತಲೆಗೆ ಬಂತು. ರಜೆ ಮುಗಿಸಿ ಹೊರಡುವುದರೊಳಗೆ ನಾನು ಹೇಳಬೇಕು: ಗೂಗಲ್ಲಿಗಾಗಿ ದುಡ್ಡು, ಹೊತ್ತು ಎರಡನ್ನೂ ಸುರಿಯುವುದು ಈ ಮನೆಗೆ ಲಾಭವೋ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೋ?

ಎಸ್‌ಇಒ ಅಂದರೆ ಸರ್ಚ್ ಎಂಜಿನ್ ಆಪ್ಟಿಮೈಸೇಷನ್ ಅಂತ ಬಿಡಿಸಿ ಹೇಳಿದೆ. ಭಾವನಿಗೆ ಏನೂ ಆಗಲಿಲ್ಲ. ಕೈಮರ ಅಂದೆ, ತಟ್ಟನೆ ಹಿಡಿದರು. ಕೈಮರ ಅಂದರೆ ದಾರಿ ತೋರಿಸುವ ಕಂಬ ತಾನೆ. ಮನೆ ತೋಟದೊಳಗೆ ಎಲ್ಲೋ ಇದೆ, ಬರುವವರು ಡಾಂಬರು ರಸ್ತೆಯಲ್ಲಿದ್ದಾರೆ. ಇಲ್ಲೊಂದು ಮನೆಯಿದೆ, ಇಂಥದ್ದು ಬೇಕಾದವರು ಹೀಗೆ ಬನ್ನಿ ಅಂತ ಬರೆದು ನಿಲ್ಲಿಸುವ ಕೆಲಸ. ಅದನ್ನು ಓದುವವರಲ್ಲಿ ಜನರ ಜೊತೆ ಗೂಗಲ್ಲಿನ ಯಂತ್ರವೂ ಇದೆ. ಅದು ಲಿಂಕು ಹಿಡಿದು ಪುಟದಿಂದ ಪುಟಕ್ಕೆ ಹೋಗಿ ಓದುತ್ತದೆ, ಓದಿದ್ದನ್ನು ತನ್ನ ಪಟ್ಟಿಗೆ ಸೇರಿಸುತ್ತದೆ, ಯಾರಾದರೂ ಕೇಳಿದಾಗ ಆ ಪಟ್ಟಿಯಿಂದ ಆಯ್ದು ಸಾಲಾಗಿ ನಿಲ್ಲಿಸುತ್ತದೆ. ಮೊದಲಿನ ಎರಡು ಕೆಲಸಕ್ಕೆ ನಾವು ಅಡ್ಡ ಬರದಿದ್ದರೆ ಸಾಕು. ಮೂರನೆಯದರ ಮೇಲೆ ನಮ್ಮ ಹಿಡಿತ ಕಡಿಮೆ. ಫೋನಿನಲ್ಲಿ ಆ ಹುಡುಗ ಮಾರುತ್ತಿದ್ದದ್ದು ಆ ಮೂರನೆಯದನ್ನೇ.

ಆದರೆ ನಾವು ಎರಡನೆಯದಕ್ಕೇ ಅಡ್ಡ ನಿಂತಿದ್ದೆವು. ಅವತ್ತು ರಾತ್ರಿ ಹೋಂಸ್ಟೇ ಹೆಸರನ್ನೇ ಹೊಡೆದು ಹುಡುಕಿದೆ. ಬುಕಿಂಗ್ ಆ್ಯಪ್‌ಗಳ ಪುಟ ಬಂತು, ಮ್ಯಾಪ್ ಬಂತು, ಯಾರೋ ಅತಿಥಿ ಹಾಕಿದ ಅಕ್ಕಿರೊಟ್ಟಿಯ ವಿಡಿಯೊ ಬಂತು. ನಮ್ಮ ವೆಬ್‌ಸೈಟ್ ಮಾತ್ರ ಇಲ್ಲ. ವೆಬ್‌ಸೈಟ್ ಕಟ್ಟಿದ್ದು ವರ್ಡ್‌ಪ್ರೆಸ್‌ನಲ್ಲಿ. ಒಳಹೊಕ್ಕು ಸೆಟ್ಟಿಂಗ್ಸ್‌ನಲ್ಲಿ ‘ರೀಡಿಂಗ್’ ಅನ್ನುವ ಜಾಗಕ್ಕೆ ಹೋದರೆ ಅಡಿಯಲ್ಲಿ ಒಂದು ಸಣ್ಣ ಚೌಕ. ಈ ಸೈಟನ್ನು ಪಟ್ಟಿಗೆ ಸೇರಿಸಬೇಡಿ ಅಂತ ಸರ್ಚ್ ಎಂಜಿನ್‌ಗಳಿಗೆ ಹೇಳುವ ಚೌಕ. ಅದರಲ್ಲಿ ಟಿಕ್! ಕೆಲಸ ನಡೆಯುತ್ತಿರುವಾಗ ಅರೆಬರೆ ಸೈಟು ಯಾರ ಕಣ್ಣಿಗೂ ಬೀಳದಿರಲಿ ಅಂತ ಸೈಟು ಮಾಡಿಕೊಟ್ಟ ಹುಡುಗ ಹಾಕಿಕೊಂಡಿದ್ದ, ತೆಗೆಯುವುದನ್ನು ಮರೆತಿದ್ದ. ವರ್ಷಕ್ಕೂ ಮೇಲೆ ಕೈಮರಕ್ಕೆ ಗೋಣಿಚೀಲ ಮುಚ್ಚಿಟ್ಟು ಗಿರಾಕಿ ಯಾಕೆ ಬರಲಿಲ್ಲ ಅಂತ ಕಾಯುತ್ತಿದ್ದರು ಭಾವ.

“ಸೈಟ್ ನೋಡಿದ್ವಿ ಅಂದನಲ್ಲ ಅವನು, ಇದು ಕಾಣಲಿಲ್ವೇನೋ ಮಾರಾಯ?” ಅಂದರು. ಕಂಡಿರಬಹುದು. ಒಂದು ಟಿಕ್ ತೆಗೆಯುವುದಕ್ಕೆ ತಿಂಗಳಿಗೆ 12,000 ಕೇಳಲಾಗುವುದಿಲ್ಲವಲ್ಲ.

ಪುಟದ ಕೊನೆಯಲ್ಲಿ ಇನ್ನೊಂದು ಸೋಜಿಗ ಸಿಕ್ಕಿತು. ಖಾಲಿ ಬಿಳಿ ಜಾಗದ ಮೇಲೆ ಮೌಸ್ ಎಳೆದರೆ ಅಕ್ಷರ ಮೂಡುತ್ತವೆ: ಕೂರ್ಗ್ ಹೋಂಸ್ಟೇ, ಊಟಿ ಹೋಂಸ್ಟೇ, ಮುನ್ನಾರ್ ಹೋಂಸ್ಟೇ, ಬೆಸ್ಟ್ ಹೋಂಸ್ಟೇ, ಚೀಪ್ ಹೋಂಸ್ಟೇ. ಬಿಳಿಯ ಮೇಲೆ ಬಿಳಿ. ಗೂಗಲ್ಲನ್ನು ಏಮಾರಿಸುವ ಹಳೇ ಉಪಾಯ ಇದು. ಈಗ ಸಿಕ್ಕಿಬಿದ್ದರೆ ಶಿಕ್ಷೆಯೇ. 2009ರಲ್ಲೇ ಗೂಗಲ್ ತಾನು ಇಂಥ ಪದಗಳನ್ನು ಪಟ್ಟಿಮಾಡುವ ‘ಕೀವರ್ಡ್ಸ್’ ಟ್ಯಾಗನ್ನು ಶ್ರೇಣಿಗೆ ಲೆಕ್ಕ ಹಿಡಿಯುವುದಿಲ್ಲ ಅಂತ ಬಹಿರಂಗವಾಗಿ ಹೇಳಿತು. 2011ರ ‘ಪಾಂಡಾ’ ಬದಲಾವಣೆ ಸತ್ವವಿಲ್ಲದ ಪುಟಗಳನ್ನು ಕೆಳಗೆ ತಳ್ಳಿತು, 2012ರ ‘ಪೆಂಗ್ವಿನ್’ ಕೊಂಡು ತಂದ ಲಿಂಕುಗಳ ಬೆನ್ನು ಹತ್ತಿತು. ಆದರೂ ನಮ್ಮ ಕಡೆ ಸೈಟು ಮಾಡಿಕೊಡುವವರ ಬತ್ತಳಿಕೆಯಲ್ಲಿ ಆ ತುಕ್ಕು ಹಿಡಿದ ಬಾಣಗಳು ಇನ್ನೂ ಇವೆ.

ಊರಿನ ಹೆಸರಿನದ್ದು ಬೇರೆಯೇ ಕಥೆ. 2014ರ ನವೆಂಬರ್ 1ರಂದು ಸರ್ಕಾರ 12 ಊರುಗಳ ಇಂಗ್ಲಿಷ್ ಹೆಸರು ಬದಲಿಸಿತು. ಮೈಸೂರ್ ಹೋಗಿ ಮೈಸೂರು, ಶಿಮೊಗ್ಗ ಹೋಗಿ ಶಿವಮೊಗ್ಗ, ಚಿಕ್‌ಮಗಳೂರ್ ಹೋಗಿ ಚಿಕ್ಕಮಗಳೂರು. ಭಾವ ಕಟ್ಟುನಿಟ್ಟಿನ ಮನುಷ್ಯ. ಸೈಟಿನ ಇಂಗ್ಲಿಷ್ ಪುಟಗಳಲ್ಲಿ ಹೊಸ ಹೆಸರು ಬಿಟ್ಟು ಬೇರೆ ಬಳಸಗೊಡಲಿಲ್ಲ. ಆದರೆ ಹೈದರಾಬಾದಿನವನು, ಚೆನ್ನೈಯವನು, ಅಷ್ಟೇಕೆ ಬೆಂಗಳೂರಿನವನೂ ಬೆರಳು ಅಭ್ಯಾಸವಾದ ಹಳೇ ಸ್ಪೆಲ್ಲಿಂಗನ್ನೇ ಒತ್ತುತ್ತಾನೆ. ಲೋಕಸಭಾ ಕ್ಷೇತ್ರದ ಹೆಸರಿನಲ್ಲಿ ಹಳೆಯದೇ ಉಳಿದಿದೆ. 2019ರಲ್ಲಿ ಇಲ್ಲಿನ ಅರೇಬಿಕಾ ಕಾಫಿಗೆ ಜಿಐ ಮಾನ್ಯತೆ ಸಿಕ್ಕಾಗಲೂ ನೋಂದಣಿಯಾದದ್ದು ಹಳೇ ಹೆಸರೇ. ಎರಡೂ ಒಂದೇ ಊರು ಅನ್ನುವಷ್ಟು ಬುದ್ಧಿ ಗೂಗಲ್ಲಿಗಿದೆ. ಹಾಗಿದ್ದರೂ ಟೈಟಲ್‌ನಲ್ಲಿ ಹೊಸದು, ಒಳಗಿನ ಒಂದು ವಾಕ್ಯದಲ್ಲಿ ಹಳೆಯದು ಸಹಜವಾಗಿ ಬಂದರೆ ನಷ್ಟವೇನಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಟೈಟಲ್‌ನಲ್ಲೇ ಇತ್ತು. ಪ್ರತಿ ಪುಟದ ಟೈಟಲ್ಲೂ ‘ಹೋಮ್’. ಹುಡುಕಿದವರಿಗೆ ನೀಲಿ ಅಕ್ಷರದಲ್ಲಿ ಕಾಣುವ ಸಾಲಿಗೆ ಆಧಾರ ಅದು, ಅಂಗಡಿಯ ಬೋರ್ಡು ಇದ್ದ ಹಾಗೆ. ಬೋರ್ಡಿನ ಮೇಲೆ ‘ಅಂಗಡಿ’ ಅಂತಷ್ಟೇ ಬರೆಸಿದ್ದರು.

ಕನ್ನಡದ ಪುಟವೂ ಒಂದಿತ್ತು. ಮನೆಯ ಇತಿಹಾಸವನ್ನು ಭಾವ ಪ್ರೀತಿಯಿಂದ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಟ್ಟಿದ್ದರು. ನುಡಿಯ ಹಳೇ ಫಾಂಟಿನ ಅಕ್ಷರ ವೆಬ್ಬಿಗೆ ಹೋದರೆ ಕಾಗಕ್ಕ ಗುಬ್ಬಕ್ಕ ಆಗುತ್ತದಲ್ಲ; ಹುಡುಗ ತಲೆ ಕೆಡಿಸಿಕೊಳ್ಳದೆ ಅದನ್ನು ಜೆಪಿಜಿ ಮಾಡಿ ಅಂಟಿಸಿದ್ದ. ನೋಡುವುದಕ್ಕೆ ಚೆನ್ನ. ಹುಡುಕುವ ಯಂತ್ರಕ್ಕೆ ಅದೊಂದು ಚಿತ್ರ, ಬರಹವಲ್ಲ. ಯೂನಿಕೋಡಿಗೆ ಬದಲಿಸಿ ಹಾಕಲು ಅರ್ಧ ಗಂಟೆ ಹಿಡಿಯಿತು. ಕನ್ನಡದಲ್ಲಿ ಹೋಂಸ್ಟೇ ಹುಡುಕುವವರು ಎಷ್ಟಿದ್ದಾರು, ಈ ಶ್ರಮ ದಂಡ ಅಂತ ಅಕ್ಕ ವಾದಿಸಿದಳು. ಕಡಿಮೆ ಇರಬಹುದು. ಆದರೆ ಆ ಸಾಲಿನಲ್ಲಿ ನಿಂತಿರುವ ಪುಟಗಳೂ ಕಡಿಮೆ. ಮೈಕಿನ ಗುಂಡಿ ಒತ್ತಿ ಕನ್ನಡದಲ್ಲೇ ಕೇಳುವವರಿದ್ದಾರೆ, ನಮ್ಮ ಸೋದರಮಾವನೇ ಇದ್ದಾರೆ. ಇಲ್ಲಿ ನನ್ನದು ಪಕ್ಷಪಾತ ಅಂತ ಒಪ್ಪಿಕೊಳ್ಳುತ್ತೇನೆ. ಲಾಭ ಬಾರದಿದ್ದರೂ ಆ ಪುಟ ಇರಲಿ ಅಂದೆ.

ಇನ್ನು ಪುಟಗಳಲ್ಲಿ ಏನು ಬರೆಯುವುದು? ಎಲ್ಲ ಹೋಂಸ್ಟೇಗಳ ಸೈಟಿನಲ್ಲೂ ‘ಪ್ರಕೃತಿಯ ಮಡಿಲಲ್ಲಿ’ ಅಂತ ಇರುತ್ತದೆ. ಪ್ರಕೃತಿಯ ಮಡಿಲು ಅಂತ ಯಾರೂ ಹುಡುಕುವುದಿಲ್ಲ. ಅಕ್ಕನ ಫೋನಿಗೆ ಬರುವ ಪ್ರಶ್ನೆಗಳನ್ನು ಒಂದು ಹಳೇ ಡೈರಿಯಲ್ಲಿ ಬರೆಯುತ್ತಾ ಹೋಗು ಅಂದಿದ್ದೆ. ಎರಡು ವಾರದಲ್ಲಿ ಬಂದದ್ದು: ಕಾರು ಬಾಗಿಲವರೆಗೂ ಬರುತ್ತಾ, ತಳ ತಾಗುತ್ತಾ? ಜಿಯೊ ಸಿಗುತ್ತಾ, ಏರ್‌ಟೆಲ್ಲಾ? ನಾನ್‌ವೆಜ್ ಮಾಡ್ತೀರಾ? ಅಮ್ಮನಿಗೆ ಮಂಡಿ ನೋವು, ಮೆಟ್ಟಿಲಿದೆಯಾ? ಮದುವೆ ಆಗದವರಿಗೆ ರೂಮು ಕೊಡ್ತೀರಾ? ಜುಲೈನಲ್ಲಿ ಬಂದರೆ ಇಂಬಳ ಕಚ್ಚುತ್ತಾ? ಕಾಫಿ ಹೂವು ಯಾವಾಗ? ಒಂದೊಂದಕ್ಕೂ ಇರುವ ಉತ್ತರವನ್ನು ಇದ್ದ ಹಾಗೆ ಬರೆದರೆ ಆಯಿತು. ಹೂವು ಮಾರ್ಚ್-ಏಪ್ರಿಲ್‌ನಲ್ಲಿ, ಹೂಮಳೆ ಬಿದ್ದ ಮೇಲೆ. ದಿನ ಹೇಳಲಾಗದು, ಅರಳಿದರೆ ಕೆಲವೇ ದಿನ. ಇಂಬಳ ಕಚ್ಚುತ್ತದೆ, ಉಪ್ಪು ಕೊಡುತ್ತೇವೆ. 2022ರಲ್ಲಿ ಚಂದ್ರದ್ರೋಣ ಗಿರಿಗಳ ಮೇಲೆ ನೀಲಕುರಿಂಜಿ ಅರಳಿದಾಗ ಊರಿಗೂರೇ ಗೂಗಲ್ಲಿನಲ್ಲಿ ‘ಎಲ್ಲಿ, ಹೇಗೆ ಹೋಗೋದು’ ಅಂತ ಕೇಳುತ್ತಿತ್ತು. ಮನೆ ಅಂಗಳದಿಂದ ಗುಡ್ಡ ಕಾಣುವ ನಮ್ಮವರು ಒಂದು ಸಾಲು ಬರೆದು ಹಾಕಿರಲಿಲ್ಲ.

ಇಷ್ಟರಲ್ಲಿ ಭಾವನ ಪಕ್ಷ ಗೆದ್ದಂತೆ ಕಾಣುತ್ತದೆ. ಅಕ್ಕನ ವಾದ ಕೇಳಿ ಈಗ.

ಅವಳ ಹತ್ತಿರ ಅತಿಥಿಗಳ ರಿಜಿಸ್ಟರ್ ಇದೆ. ಹೆಸರು, ಊರು, ಗಾಡಿ ನಂಬರಿನ ಪಕ್ಕ ಅವಳೇ ಪೆನ್ನಿನಲ್ಲಿ ಗೆರೆ ಎಳೆದು ಒಂದು ಕಾಲಂ ಸೇರಿಸಿದ್ದಾಳೆ, ‘ಹೇಗೆ ಗೊತ್ತಾಯ್ತು’ ಅಂತ. ಹೆಚ್ಚಿನವರ ಎದುರು ‘ಫ್ರೆಂಡ್ ಹೇಳಿದ್ರು’. ಆಮೇಲೆ ‘ಮ್ಯಾಪ್’, ‘ಆ್ಯಪ್’, ಅಲ್ಲಲ್ಲಿ ‘ಇನ್‌ಸ್ಟಾ’. ‘ವೆಬ್‌ಸೈಟ್’ ಅಂತ ಒಂದೂ ಇಲ್ಲ. (ಮುಚ್ಚಿಟ್ಟ ಸೈಟು ಹೇಗೆ ಕಂಡೀತು ಅಂದೆ. “ಸರಿ, ಅದನ್ನ ಬಿಡು” ಅಂದಳು, ಆದರೆ ವಾದ ಬಿಡಲಿಲ್ಲ.)

“ನಾಲ್ಕು ರೂಮಿಗೆ ಎಷ್ಟು ಜನ ಬೇಕು ಹೇಳು. ಶನಿವಾರ ಭಾನುವಾರ ಹೇಗೂ ತುಂಬುತ್ತೆ. ಆ ಕುಯ್ಲಿನ ಹೊತ್ತಲ್ಲಿ ನಾನು ಆಳುಗಳಿಗೆ ತಿಂಡಿ ನೋಡ್ಲೋ, ಪುಟ ಬರೀಲೋ?”

ಮಾತಿನಲ್ಲಿ ಹುರುಳಿದೆ. ‘ಹತ್ತಿರದ ಹೋಂಸ್ಟೇ’ ಅಂತ ಮೊಬೈಲಿನಲ್ಲಿ ಹುಡುಕಿದರೆ ಮೇಲೆ ಜಾಹೀರಾತು ಇರಬಹುದು, ಆಮೇಲೆ ಮ್ಯಾಪಿನ ಪಟ್ಟಿ, ಆಮೇಲೆ ಬುಕಿಂಗ್ ಕಂಪನಿಗಳ ದೊಡ್ಡ ಸೈಟುಗಳು. ಅವರೊಂದಿಗೆ ನಾಲ್ಕು ರೂಮಿನ ಮನೆ ಸಾಲಿನಲ್ಲಿ ಗುದ್ದಾಡುವುದು ಆನೆ ಜೊತೆ ಆಡು ಹಗ್ಗ ಜಗ್ಗಿದ ಹಾಗೆ. 2024ರ ಆಗಸ್ಟಿನಿಂದ ಭಾರತದಲ್ಲೂ ಗೂಗಲ್ ಹಲವು ಪ್ರಶ್ನೆಗಳಿಗೆ ಎಐ ಬರೆದ ಉತ್ತರವನ್ನು ತಾನೇ ಮೇಲೆ ತೋರಿಸುತ್ತಿದೆ. ಇಂಬಳದ ಬಗ್ಗೆ ನಾವು ಬರೆದದ್ದನ್ನು ಓದಿ ಅದೇ ಉತ್ತರ ಹೇಳಿಬಿಟ್ಟರೆ ನಮ್ಮ ಪುಟಕ್ಕೆ ಯಾರು ಯಾಕೆ ಬರಬೇಕು?

ಮ್ಯಾಪಿನ ಪಟ್ಟಿಯಲ್ಲಿ ಮೇಲೆ ಬರಲು ಮೂರು ಸಂಗತಿ ಮುಖ್ಯ ಅಂತ ಗೂಗಲ್ಲೇ ಹೇಳುತ್ತದೆ: ಕೇಳಿದ್ದಕ್ಕೆ ನೀವು ಹೊಂದುತ್ತೀರಾ, ಎಷ್ಟು ದೂರದಲ್ಲಿದ್ದೀರಿ, ಎಷ್ಟು ಹೆಸರುವಾಸಿ. ದುಡ್ಡು ಕೊಟ್ಟು ಅಲ್ಲಿ ಮೇಲೆ ಬರುವ ಹಾಗಿಲ್ಲ. ದೂರವನ್ನು ಯಾರೂ ಬದಲಿಸಲಾರರು. ಉಳಿದ ಎರಡನ್ನು ಅಕ್ಕ ಯಾವ ಏಜೆನ್ಸಿಯ ಹಂಗಿಲ್ಲದೆ ಮಾಡಿದ್ದಳು. ಮ್ಯಾಪಿನ ಗುರುತು ಮೊದಲು ಪಕ್ಕದ ತೋಟದವರ ಕೊಟ್ಟಿಗೆಯ ಮೇಲೆ ಕೂತಿತ್ತು. ರಾತ್ರಿ ಒಂಬತ್ತಕ್ಕೆ ಬಂದವರು ಎಮ್ಮೆ ನೋಡಿ ವಾಪಸ್ ತಿರುಗಿಸಿದ್ದೂ ಉಂಟು. ಅದನ್ನು ಸರಿಮಾಡಿದಳು. ಫೋನ್ ನಂಬರು, ಫೋಟೊ ಹಾಕಿದಳು. ಹೋಗುವವರಿಗೆ ಕಾಫಿಪುಡಿ ಪೊಟ್ಟಣ ಕೊಡುತ್ತಾ “ನಿಮಗೆ ಹೇಗನ್ನಿಸ್ತೋ ಹಾಗೇ ಬರೀರಿ” ಅನ್ನುತ್ತಾಳೆ. ಪೊಟ್ಟಣ ಕೊಡುತ್ತಾ ಕೇಳುವುದು ಗೂಗಲ್ ನಿಯಮಕ್ಕೆ ಸರಿಹೋಗುವುದಿಲ್ಲ ಕಣೆ ಅಂದೆ. ವಿಮರ್ಶೆಗೆ ಬದಲಾಗಿ ಏನನ್ನೂ ಕೊಡುವಂತಿಲ್ಲ. “ಬರೀದಿದ್ರೂ ಕೊಡ್ತೀನಲ್ಲ” ಅಂದಳು. ನನ್ನಲ್ಲಿ ಉತ್ತರ ಇರಲಿಲ್ಲ. ಒಂದು ಕೆಟ್ಟ ವಿಮರ್ಶೆಯೂ ಇದೆ, ಬಿಸಿನೀರು ಬರಲಿಲ್ಲ ಅಂತ. ಗೀಸರಿನ ಮಾತು ಹುಟ್ಟಿದ್ದು ಅಲ್ಲಿಂದ.

ಹಾಗಾದರೆ ಮ್ಯಾಪ್ ಇದ್ದರೆ ಸಾಕೆ, ಸ್ವಂತ ಸೈಟು ಬೇಡವೆ? ಇಲ್ಲಿ ಭಾವ ಒಂದು ಒಳ್ಳೆಯ ಮಾತು ಆಡಿದರು: “ಬಾಡಿಗೆ ಮನೆಗೆ ಎಷ್ಟು ಸುಣ್ಣ ಹೊಡೀತೀಯ?” ಅದಕ್ಕೆ ಪುರಾವೆಯೂ ಇದೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಇದ್ದವರಿಗೆ ಗೂಗಲ್ಲೇ ಪುಕ್ಕಟೆ ಒಂದು ಪುಟ್ಟ ವೆಬ್‌ಸೈಟ್ ಮಾಡಿಕೊಳ್ಳಲು ಬಿಟ್ಟಿತ್ತು. ಅಂಗಡಿ, ಗ್ಯಾರೇಜು, ಟ್ಯೂಷನ್ನಿನವರೆಲ್ಲ ಅದೇ ವಿಳಾಸವನ್ನು ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚು ಹಾಕಿಸಿಕೊಂಡರು. 2024ರ ಮಾರ್ಚಿನಲ್ಲಿ ಗೂಗಲ್ ಆ ಸೈಟುಗಳನ್ನೆಲ್ಲ ಮುಚ್ಚಿತು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಅದರಲ್ಲೇ ಗಿರಾಕಿ ಗಳಿಸಿಕೊಂಡಿದ್ದವರ ಪಾಡನ್ನೂ ನೋಡಿದ್ದೇವೆ. ಸ್ವಂತ ಡೊಮೇನ್ ವರ್ಷಕ್ಕೆ ಸಾವಿರದ ಆಸುಪಾಸು. ನಾಳೆ ಯಾವ ಆ್ಯಪ್ ಮುಳುಗಿದರೂ ಆ ವಿಳಾಸ ನಮ್ಮದೇ. ಆದರೆ ಭಾವನ ಮಾತಿನಲ್ಲೂ ಒಂದು ಬಿರುಕಿದೆ: ಮನೆ ಸ್ವಂತದ್ದು, ಅಲ್ಲಿಗೆ ಹೋಗುವ ರಸ್ತೆ ಗೂಗಲ್ಲಿನದು. ಅದು ಒಂದು ಬದಲಾವಣೆ ಮಾಡಿದರೆ ಮೂರನೇ ಸಾಲಿನಲ್ಲಿದ್ದವರು ಮೂವತ್ತಕ್ಕೆ ಇಳಿಯುತ್ತಾರೆ, ಅರ್ಜಿ ಹಾಕೋಣ ಅಂದರೆ ಕಚೇರಿ ಇಲ್ಲ.

ದುಡ್ಡಿನ ಲೆಕ್ಕವನ್ನು ಊಟದ ಮೇಜಿನ ಮೇಲೆ ಕ್ಯಾಲೆಂಡರಿನ ಹಿಂದೆ ಬರೆದೆವು. ರೂಮಿಗೆ ರಾತ್ರಿಗೆ 3,000, ಎರಡು ರಾತ್ರಿಗೆ 6,000. ಬುಕಿಂಗ್ ಆ್ಯಪ್ ನೂರಕ್ಕೆ 20 ಹಿಡಿದರೆ 1,200 ಅವರದ್ದು. ಆ್ಯಪ್‌ನಿಂದ ಬರುತ್ತಿದ್ದವರು ನೇರವಾಗಿ ಬಂದರೆ ಉಳಿಯುವುದು ಆ 1,200. ಏಜೆನ್ಸಿಯ 12,000 ಹುಟ್ಟಬೇಕಾದರೆ ತಿಂಗಳಿಗೆ ಅಂಥ ಹತ್ತು ಬುಕಿಂಗ್ ಆ್ಯಪ್ ಬಿಟ್ಟು ಸೈಟಿಗೆ ಬರಬೇಕು. ನಾಲ್ಕು ರೂಮು, ನಾಲ್ಕು ವಾರಾಂತ್ಯ; ತಿಂಗಳಿಗೆ ಇರುವುದೇ ಹದಿನಾರು. ಅಕ್ಕ ಪೆನ್ನು ಕೆಳಗಿಟ್ಟಳು.

ಭಾವ ಎತ್ತಿಕೊಂಡರು. ಅವರ ಲೆಕ್ಕ ಬೇರೆ. ಮಂಗಳವಾರ ಬುಧವಾರ ಖಾಲಿ ಬಿದ್ದಿರುವ ರೂಮಿಗೆ, ಇಲ್ಲದಿದ್ದರೆ ಬರುತ್ತಲೇ ಇರದಿದ್ದ ಒಬ್ಬ ಬಂದರೆ? ಊಟ, ಒಗೆತ, ಕರೆಂಟು ಕಳೆದು 6,000ದಲ್ಲಿ 4,000 ಉಳಿಯಿತು ಅನ್ನಿ. ಅಂಥವರು ಮೂವರು ಸಾಕು. ಲ್ಯಾಪ್‌ಟಾಪ್ ಹಿಡಿದು ವಾರದ ನಡುವೆ ಬರುವವರಿದ್ದಾರೆ. ನೆಟ್‌ವರ್ಕ್ ಹೇಗಿದೆ ಅಂತ ಸೈಟಿನಲ್ಲಿ ಸರಿಯಾಗಿ ಓದಿಕೊಂಡೇ ಬರುವ ಜನ ಅವರು. ಇದೂ ತಳ್ಳಿಹಾಕುವ ಲೆಕ್ಕವಲ್ಲ. ಎರಡರಲ್ಲೂ ಒಂದೊಂದು ಊಹೆ ಇದೆ ಅನ್ನುವುದಷ್ಟೇ ತೊಡಕು, ಭಾವನದ್ದರಲ್ಲಿ ಸ್ವಲ್ಪ ಹೆಚ್ಚು.

ಏಜೆನ್ಸಿಯವರೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಇದೇ ಕೆಲಸ ಮಾಡುವ ಗೆಳೆಯನೊಬ್ಬನಿದ್ದಾನೆ. ಮೊದಲ ಸ್ಥಾನವನ್ನು ಯಾರೂ ಗ್ಯಾರಂಟಿ ಕೊಡಲಾರರು ಅಂತ ಗೂಗಲ್ಲೇ ಬರೆದಿಟ್ಟಿದೆ, ಆ ಪದ ಬಾಯಲ್ಲಿ ಬಂದ ಕೂಡಲೇ ಫೋನ್ ಇಡು ಅಂದ. ಅವನ ಗಿರಾಕಿಗಳಲ್ಲಿ ಕಾಫಿಪುಡಿ ಆನ್‌ಲೈನಿನಲ್ಲಿ ಮಾರುವವರಿದ್ದಾರೆ. ಅವರ ಕಥೆ ಬೇರೆ. ಪುಣೆಯಲ್ಲಿ ಕೂತು ಪುಡಿ ತರಿಸಿಕೊಳ್ಳುವವನಿಗೆ ಮ್ಯಾಪಿನಿಂದ ಏನು ಪ್ರಯೋಜನ? ಅಲ್ಲಿ ಸೈಟೇ ಅಂಗಡಿ. ಚಿಕೋರಿ ಎಷ್ಟು, ಹುರಿದದ್ದು ಯಾವಾಗ, ಫಿಲ್ಟರಿಗೆ ಯಾವ ಹದ ಅಂತ ಒಂದೊಂದು ಬಗೆಗೂ ಪುಟ ಬೇಕು, ಪುಟಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರಬೇಕು, ಸೈಟು ಬೇಗ ತೆರೆಯಬೇಕು, ಅದನ್ನೆಲ್ಲ ತಿಂಗಳು ತಿಂಗಳು ನೋಡಿಕೊಳ್ಳಲು ಆಳು ಬೇಕು. ತಾನೇ ಮಾಡುತ್ತೇನೆ ಅಂತ ಕೂತರೆ ಹುರಿಯುವವರು ಯಾರು? ಅಂಥವರಿಗೆ ಆ 12,000 ದುಬಾರಿಯಲ್ಲ. ನಾಲ್ಕು ರೂಮಿನವರಿಗೆ ದುಬಾರಿ.

ಕೊನೆಗೆ ನಾನು ಹೇಳಿದ್ದು ಇಷ್ಟು: ಏಜೆನ್ಸಿ ಬೇಡ, ಗೀಸರ್ ಹಾಕಿಸಿ, ಆದರೆ ಈ ಎರಡು ದಿನದ ಕೆಲಸವನ್ನು ಮಾಡಿಯೇ ಮಾಡೋಣ. ಚೌಕದ ಟಿಕ್ ತೆಗೆದೆವು. ಬಿಳಿ ಅಕ್ಷರ ಅಳಿಸಿದೆವು. ಐದು ಪುಟಕ್ಕೂ ಬೇರೆ ಬೇರೆ ಟೈಟಲ್, ಕೆಳಗೆ ಎರಡು ಸಾಲಿನ ವಿವರಣೆ. ಭಾವ ಕ್ಯಾಮರಾದಿಂದ ನೇರ ಏರಿಸಿದ್ದ ಒಂದೊಂದು ಫೋಟೊ 8 ಎಂಬಿ ಇತ್ತು. ಗುಡ್ಡದ ನೆಟ್‌ವರ್ಕಿನಲ್ಲಿ ನಮ್ಮ ಮನೆಯಲ್ಲೇ ನಮ್ಮ ಸೈಟು ತೆರೆಯುತ್ತಿರಲಿಲ್ಲ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಂಡರೆ ಒಳ್ಳೆಯದು ಅನ್ನುವುದು ಗೂಗಲ್ಲಿನ ಅಳತೆ. ಫೋಟೊ ಕುಗ್ಗಿಸಿ, ಒಂದೊಂದರ ಹಿಂದೆ ಅದರಲ್ಲೇನಿದೆ ಅಂತ ಒಂದು ಸಾಲು ಬರೆದೆವು. ಡೈರಿಯ ಪ್ರಶ್ನೆಗಳನ್ನು ಅಕ್ಕ ಹೇಳಿದಳು, ನಾನು ಟೈಪ್ ಮಾಡಿದೆ. ಕೊನೆಗೆ ಸರ್ಚ್ ಕನ್ಸೋಲ್‌ನಲ್ಲಿ ಸೈಟನ್ನು ಸೇರಿಸಿದೆವು. ಏನು ಹುಡುಕಿದವರಿಗೆ ನಮ್ಮ ಯಾವ ಪುಟ ಕಂಡಿತು, ಎಷ್ಟು ಜನ ಒತ್ತಿದರು ಅಂತ ತೋರಿಸುವ ಗೂಗಲ್ಲಿನ ಪುಕ್ಕಟೆ ಸಲಕರಣೆ ಅದು.

ಮಳೆಗಾಲದಲ್ಲಿ ಮತ್ತೆ ಹೋದೆ. ಗೀಸರ್ ಬಂದಿತ್ತು. ಭಾವ ಉತ್ಸಾಹದಿಂದ ಫೋನಿನಲ್ಲಿ ಗ್ರಾಫ್ ತೋರಿಸಿದರು, ಗೆರೆ ಮೇಲೇರಿದೆ. ಯಾವ ಪುಟ ಅಂತ ನೋಡಿದರೆ ಅಷ್ಟೂ ಇಂಬಳದ ಪುಟ. ಅದನ್ನು ಓದಿದವರಲ್ಲಿ ಬುಕ್ ಮಾಡಿದವರು ಇದ್ದಾರೋ ಇಲ್ಲವೋ ಗ್ರಾಫ್ ಹೇಳುವುದಿಲ್ಲ. ಅಕ್ಕನ ರಿಜಿಸ್ಟರ್ ತೆರೆದೆವು. ‘ವೆಬ್‌ಸೈಟ್’ ಅಂತ ಎರಡು ಕಡೆ ಇತ್ತು, ಎರಡೂ ವಾರದ ನಡುವಿನವು.

“ಉಳಿದೋರೆಲ್ಲ ಓದಿ ಹೆದರ್ಕೊಂಡು ಊಟಿಗೆ ಹೋದ್ರು ಕಣೋ” ಅಂದಳು ಅಕ್ಕ. ಅಷ್ಟರಲ್ಲಿ ಜಗುಲಿಯ ಮೇಲೆ ಬೆಂಗಳೂರಿನ ಹುಡುಗಿಯೊಬ್ಬಳು ಪ್ಯಾಂಟಿನ ತುದಿ ಕಾಲುಚೀಲದೊಳಗೆ ತುರುಕುತ್ತಾ ಕೂಗಿದಳು: “ಆಂಟೀ, ಸೈಟಲ್ಲಿ ಉಪ್ಪು ಕೊಡ್ತೀವಿ ಅಂತ ಇತ್ತಲ್ಲ, ಎಲ್ಲಿದೆ?”